ಭಾನುವಾರದ ಮನೆ

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಪೈಕಿಯವಳಲ್ಲ ಚೀಟಿಯಕ್ಕ. ಪುಕ್ಕಟೆ ಕೊಡಲು ಯಾರಾದರೂ ಕೈ ಚಾಚಿದರೆ, ಅವರ ಇನ್ನೊಂದು ಕೈ ಎಲ್ಲಿದೆ ಎಂದು ಮೊದಲು ನೋಡುವವಳು. ಬಸ್ ನಿಲ್ದಾಣದ ಸಾಮಾನು ಕೊಠಡಿಯಲ್ಲಿ ವರ್ಷಗಟ್ಟಲೆ ಕೂತರೆ ಎಂಥವರಿಗೂ ಆ ಗುಣ ಬಂದೇ ಬರುತ್ತದೆ. ಪ್ರಯಾಣಿಕರು ತಂದಿಡುವ ಚೀಲ, ಪೆಟ್ಟಿಗೆ, ಗಂಟುಗಳಿಗೆ ಚೀಟಿ ಕಟ್ಟಿ, ಅದರ ಅರ್ಧ ಹರಿದು ಅವರ ಕೈಗೆ ಕೊಡುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಸಿಡಿಮಿಡಿ ಮಾಡಿಕೊಂಡು ಚೀಲ ಎಸೆದು ಹೋಗುವವರ ಚೀಲದಲ್ಲಿ ಒಗೆಯುವ ಬಟ್ಟೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಲ್ಲು ಕಿರಿದು, "ಸ್ವಲ್ಪ ಜೋಪಾನ ಅಕ್ಕ, ನಿಮ್ಮನ್ನೇ ನಂಬಿದೀನಿ" ಎನ್ನುವವರ ಚೀಲ ಮಾರನೇ ದಿನ ನಾರುತ್ತದೆ. ಇದು ಅವಳು ಕಂಡುಕೊಂಡ ಸತ್ಯ.

ಆದ್ದರಿಂದ ಸೂರಿಲ್ಲದವರಿಗೆ ಮನೆ ಕಟ್ಟಿಕೊಡುವ ಒಂದು ಸಂಘದವರು ಬಂದು, ನಿನಗೊಂದು ಮನೆ ಕಟ್ಟಿಕೊಡುತ್ತೇವೆ ಎಂದಾಗ ಅವಳು ಕೈ ಮುಗಿಯಲಿಲ್ಲ, ಕಣ್ಣೀರು ಹಾಕಲಿಲ್ಲ. "ಯಾಕೆ?" ಎಂದು ಕೇಳಿದಳು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲವಂತೆ.

ಬೇಡ ಎನ್ನುವ ಸ್ಥಿತಿಯಲ್ಲಿ ಮಾತ್ರ ಅವಳಿರಲಿಲ್ಲ. ಗಂಡ ಎಂಬ ಪ್ರಾಣಿ ಯಾವುದೋ ಬಸ್ಸು ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಅವಳೂ ಎಂಟು ವರ್ಷದ ಮಗಳೂ ಸಾಮಾನು ಕೊಠಡಿಯ ಹಿಂದಿನ ತಗಡಿನ ಗೂಡಿನಲ್ಲಿ ಮಲಗುತ್ತಿದ್ದರು. ಗೋಡೆಯಾಚೆ ಬಸ್ಸುಗಳು ನಿಂತಲ್ಲೇ ಗುರುಗುಟ್ಟುತ್ತಾ ಹೊಗೆ ಬಿಡುತ್ತಿದ್ದವು. ಮಗುವಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಇಲ್ಲೇ ಇಟ್ಟುಕೊಂಡರೆ ಮಗು ಉಳಿಯೋದು ಕಷ್ಟ ಎಂದು ಡಾಕ್ಟರು ಮುಖದ ಮೇಲೆ ಹೊಡೆದಂತೆ ಹೇಳಿದ ಮೇಲೆ ನಾದಿನಿ ಬಂದು ಕರೆದುಕೊಂಡು ಹೋದಳು. "ನಿಂಗೊಂದು ಸರಿಯಾದ ಸೂರು ಆಗೋವರೆಗೆ ನನ್ನ ಹತ್ರ ಇರ್ಲಿ ಅತ್ತಿಗೆ. ಆದ ದಿನಾನೇ ತಂದು ಬಿಡ್ತೀನಿ," ಎಂದಳು. ನಾದಿನಿಗೆ ಮಕ್ಕಳಿರಲಿಲ್ಲ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲವಾದರೂ ಮಗುವಿನ ಕೈ ಹಿಡಿದ ರೀತಿಯಲ್ಲಿ ಒಂದು ಆಸೆ ಇತ್ತು. ಅದು ಚೀಟಿಯಕ್ಕನ ಕಣ್ಣು ತಪ್ಪಲಿಲ್ಲ. ಚೀಟಿ ಇಲ್ಲದೆ ಅವಳು ಬೇರೆಯವರ ಕೈಗೆ ಕೊಟ್ಟದ್ದು ಅದೊಂದೇ.

ಸಂಘದ ಕ್ರಮ ಸ್ವಲ್ಪ ವಿಚಿತ್ರವಾಗಿತ್ತು. ಒಂದು ಮನೆ ಕಟ್ಟಿಕೊಡಲು ಸ್ವಂತ ಇಷ್ಟದಿಂದ ಹೆಸರು ಕೊಟ್ಟ ಒಂದೇ ಕುಟುಂಬ. ಬರುವುದಾದರೆ ಗಂಡ, ಹೆಂಡತಿ, ಮಕ್ಕಳು, ಮುದುಕರು ಎಲ್ಲರೂ ಬರಬೇಕು. ಭಾನುವಾರ ಮಾತ್ರ ಕೆಲಸ, ಆದರೆ ಒಮ್ಮೆ ಕೈ ಹಚ್ಚಿದರೆ ಮುಗಿಸಿಯೇ ಏಳಬೇಕು. ಮನೆ ಪಡೆಯುವವರೂ ಅವರ ಜೊತೆ ಇಟ್ಟಿಗೆ ಹೊರಬೇಕು. ಎಲ್ಲ ಮುಗಿದ ದಿನ ಸಂಘದ ಮೇಸ್ತ್ರಿ ಮನೆಯ ನಡುವೆ ನಿಂತು, "ಏನಾದ್ರೂ ಬಾಕಿ ಇದೆಯಾ?" ಎಂದು ಕೇಳುತ್ತಾನೆ. ಪಡೆಯುವವರು ಬಾಕಿ ಇಲ್ಲ ಎಂದು ಬಾಯಿ ಬಿಟ್ಟು ಹೇಳುವವರೆಗೆ ಕಟ್ಟುವವರಿಗೆ ಬಿಡುಗಡೆಯಿಲ್ಲ, ಪಡೆಯುವವರಿಗೆ ಬೀಗದ ಕೈ ಇಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಬಾಯಿ ಮುಚ್ಚಿಕೊಳ್ಳುವವರೇ ಹೆಚ್ಚು ಎಂದು ಯಾರೋ ಪುಣ್ಯಾತ್ಮರು ಮಾಡಿದ ಕ್ರಮವಂತೆ. ಚೀಟಿಯಕ್ಕನಿಗೆ ಸಂಘದಲ್ಲಿ ಹಿಡಿಸಿದ್ದು ಇದೊಂದೇ.

ಅವಳ ಪಾಲಿಗೆ ಬಂದದ್ದು ಒಬ್ಬ ಕನ್ನಡಕದಂಗಡಿಯವನ ಕುಟುಂಬ. ಅವನು ಉದ್ದಕ್ಕೆ, ಸಣ್ಣಗೆ, ಕೈಯಲ್ಲಿ ಹಾರೆ ಹಿಡಿದರೂ ಕನ್ನಡಕ ಒರೆಸುವಷ್ಟು ನಾಜೂಕಾಗಿ ಹಿಡಿಯುವವನು. ಹೆಂಡತಿ ಶಾಲೆಯಲ್ಲಿ ಲೆಕ್ಕ ಹೇಳುವ ಟೀಚರು. ಇಟ್ಟಿಗೆಯನ್ನೂ ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿದಂತೆಯೇ ಇಡುತ್ತಿದ್ದಳು. ಹೈಸ್ಕೂಲಿಗೆ ಹೋಗುವ ಮಗಳೊಬ್ಬಳು. ಮತ್ತೆ ಕನ್ನಡಕದವನ ತಾಯಿ, ಬೆನ್ನು ಬಾಗಿದರೂ ನಾಲಿಗೆ ನೆಟ್ಟಗಿದ್ದ ಅಜ್ಜಿ. ಗೋಡೆಗೆ ನೀರು ಹೊಡೆಯುವುದು, ಸಿಮೆಂಟ್ ಚೀಲಕ್ಕೆ ತಾಡಪಾಲು ಮುಚ್ಚುವುದು, ಟೀ ಕೊಡುವುದು ಅಜ್ಜಿಯ ಪಾಲಿನ ಕೆಲಸ.

ಮೊದಲ ಭಾನುವಾರವೇ ಚೀಟಿಯಕ್ಕನ ಮೂಗಿಗೆ ಏನೋ ಬಡಿಯಿತು. ಇವರು ಫೋಟೋ ತೆಗೆಯಲಿಲ್ಲ. ಪಕ್ಕದ ಮನೆ ಕಟ್ಟುವ ಕುಟುಂಬದವರು ಒಂದು ಇಟ್ಟಿಗೆ ಇಟ್ಟರೆ ನಾಲ್ಕು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಏನು ಬೇಕು ಎನ್ನುವುದು ಕಣ್ಣಿಗೆ ಕಾಣುತ್ತಿತ್ತು, ಮನಸ್ಸಿಗೆ ನೆಮ್ಮದಿಯಾಗುತ್ತಿತ್ತು. ಇವರಿಗೆ ಫೋಟೋ ಬೇಡ ಎಂದರೆ ಬೇರೇನೋ ಬೇಕು ಎಂದೇ ಅರ್ಥ. ಏನೂ ಬೇಡದೆ ಬಿಸಿಲಲ್ಲಿ ಬೆನ್ನು ಸುಟ್ಟುಕೊಳ್ಳುವವರು ಲೋಕದಲ್ಲಿ ಇದ್ದಾರೆ ಎಂದು ಒಪ್ಪಿಕೊಳ್ಳಲು ಅವಳೇನು ನಿನ್ನೆ ಮೊನ್ನೆ ಹುಟ್ಟಿದವಳೇ.

ಎರಡನೆಯದು, ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಜಗಳವೂ ಇಲ್ಲ, ಮುನಿಸೂ ಕಾಣದು. ಒಂದು ಮೊಳ ದೂರದಲ್ಲಿ ನಿಂತು ಮಗಳ ಮೂಲಕ ಮಾತು ದಾಟಿಸುತ್ತಿದ್ದರು.

"ನಿಮ್ಮಪ್ಪಂಗೆ ಹೇಳು, ಗಾರೆ ನೀರಾಯ್ತು ಅಂತ."

"ನಿಮ್ಮಮ್ಮಂಗೆ ಹೇಳು, ಇನ್ನೊಂದು ಬುಟ್ಟಿ ಮರಳು ಹಾಕ್ತೀನಿ ಅಂತ."

ಹುಡುಗಿ ಹೇಳುತ್ತಲೂ ಇರಲಿಲ್ಲ, ತನ್ನ ಪಾಡಿಗೆ ತಾನು ಇಟ್ಟಿಗೆ ನೆನೆಸುತ್ತಿದ್ದಳು. ಸಾಮಾನು ಕೊಠಡಿಯ ಮುಂದೆ ಚೀಟಿಯಕ್ಕ ನೂರಾರು ಗಂಡ ಹೆಂಡಿರನ್ನು ನೋಡಿದ್ದಳು. ಕೂಗಾಡಿಕೊಂಡು ಚೀಲ ಇಟ್ಟವರು ಒಟ್ಟಿಗೇ ಬಂದು ಬಿಡಿಸಿಕೊಳ್ಳುತ್ತಾರೆ. ತೆಪ್ಪಗೆ ಬಂದು ಇಟ್ಟು ಹೋದವರಲ್ಲಿ ತಿರುಗಿ ಬರುವುದು ಒಬ್ಬರೇ. ಇಷ್ಟು ತಿಳಿದವಳಿಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅನುಮಾನ ಹೆಚ್ಚಾದವರ ಹಣೆಬರಹವೇ ಇದು, ಕಾಲ ಕೆಳಗಿನದು ಬಿಟ್ಟು ಬೇಲಿಯಾಚೆಯದನ್ನು ಹುಡುಕುತ್ತಾರೆ. ಇಬ್ಬರೂ ಸೇರಿ ಒಳಗೊಳಗೇ ಏನೋ ಹೊಂಚು ಹಾಕಿದ್ದಾರೆ, ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದಾರೆ ಎಂದುಕೊಂಡಳು.

ಗೋಡೆ ಎದೆ ಮಟ್ಟಕ್ಕೆ ಬರುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಶುರುವಾಯಿತು ನೋಡಿ.

ಒಂದು ಭಾನುವಾರ ಬಂದು ನೋಡಿದರೆ ಹಿಂದಿನ ವಾರದ ಸಿಮೆಂಟ್ ಚೀಲಗಳು ಕಲ್ಲಾಗಿ ಕೂತಿದ್ದವು. ತಾಡಪಾಲು ಸರಿದು, ಮಳೆಯಿಲ್ಲದ ವಾರದಲ್ಲಿ ಚೀಲ ನೆನೆದಿತ್ತು. ಹೊಸ ಚೀಲ ಬರುವಷ್ಟರಲ್ಲಿ ಆ ದಿನ ಹಾಳು. ಮುಂದಿನ ವಾರ ಹಿತ್ತಲ ಗೋಡೆ ಸೊಂಟ ತಿರುಗಿಸಿ ನಿಂತಿತ್ತು. ಸಾಲು ನೇರ ಬರಲೆಂದು ಮೇಸ್ತ್ರಿ ಈ ಮೂಲೆಯಿಂದ ಆ ಮೂಲೆಗೆ ದಾರ ಬಿಗಿದು ಹೋಗಿರುತ್ತಾನೆ. ದಾರದ ಒಂದು ತುದಿ ಹೆಬ್ಬೆರಳಿನಷ್ಟು ಆಚೆ ಸರಿದಿದ್ದು ಯಾರಿಗೂ ತಿಳಿಯದೆ, ಮಧ್ಯಾಹ್ನದವರೆಗೆ ಕಟ್ಟಿದ್ದನ್ನೆಲ್ಲ ಸಂಜೆಯವರೆಗೆ ಬಿಚ್ಚಿದರು. ಆಮೇಲೆ ಬಾಗಿಲನ್ನು ಚೌಕಟ್ಟಿಗೆ ಕೂರಿಸುವ ತಿರುಗಣಿಗಳು ಕಾಣೆಯಾದವು. ಬೇರೆ ತಂದರೆ ಅವುಗಳ ತಿರುಪುಗಳು ಕಾಣೆಯಾದವು. ಪಕ್ಕದ ಫೋಟೋದವರ ಮನೆಗೆ ಸೂರು ಬಂತು, ಬಣ್ಣ ಬಂತು, ಜನವೂ ಬಂದರು. ಇವಳ ಮನೆ ಹಳೇ ಗಡಿಯಾರದ ಹಾಗೆ ಮುಂದಕ್ಕೊಂದು ಹಿಂದಕ್ಕೊಂದು ಹೆಜ್ಜೆ ಇಡುತ್ತಿತ್ತು.

ಚೀಟಿಯಕ್ಕ ಕನ್ನಡಕದವನ ಮೇಲೆ ಕಣ್ಣಿಟ್ಟಳು. ಊಟದ ಹೊತ್ತಿಗೆ ಎಲ್ಲರೂ ನೆರಳಲ್ಲಿ ಕೂತು ಡಬ್ಬಿ ಬಿಚ್ಚಿ ಒಂದೇ ಡಬ್ಬಿಯಿಂದ ಹಂಚಿಕೊಂಡು ತಿನ್ನುತ್ತಿದ್ದರು. ತಿಂದ ಮೇಲೆ ಅವನೊಬ್ಬನೇ ಎದ್ದು ತನ್ನ ಕಾರಿಗೆ ಹೋಗಿ, ಗಾಜು ಏರಿಸಿ, ಅರ್ಧ ಗಂಟೆ ಒಳಗಿರುತ್ತಿದ್ದ. ಒಂದು ದಿನ ಇವಳು ನೀರು ತರುವ ನೆಪದಲ್ಲಿ ಬಳಸಿಕೊಂಡು ಹೋಗಿ ಇಣುಕಿದಳು. ಹಿಂದಿನ ಸೀಟಿನಲ್ಲಿ ದಿಂಬು, ಹೊದಿಕೆ, ಕೊಕ್ಕೆಗೆ ನೇತು ಹಾಕಿದ ಮೂರ್ನಾಲ್ಕು ಅಂಗಿ, ಗಡ್ಡ ಹೆರೆಯುವ ಸಾಮಾನು. ಹೆಂಡತಿ ಮಗಳ ಜೊತೆ ಇರುವ ಗಂಡಸಿನ ಕಾರಿನಲ್ಲಿ ದಿಂಬಿಗೇನು ಕೆಲಸ. ಅವಳ ತಲೆಯೊಳಗೆ ಎಲ್ಲವೂ ಪಟಪಟನೆ ಜೋಡಣೆಯಾಯಿತು: ಇವನಿಗೊಂದು ಗುಟ್ಟಿನ ಮನೆ ಬೇಕು. ಬಡವಳ ಹೆಸರಲ್ಲಿ ಒಂದು ಎಬ್ಬಿಸಿ, ಆಮೇಲೆ ಅವಳನ್ನು ಎಬ್ಬಿಸಿದರಾಯಿತು. ಅವಳು ಬೇಸತ್ತು ತಾನಾಗಿ ಎದ್ದು ಹೋಗಲೆಂದೇ ಈ ಕೆಡುಕೆಲ್ಲ.

ನೇರ ಮೇಸ್ತ್ರಿಯ ಹತ್ತಿರ ಹೋದಳು. ಮೇಸ್ತ್ರಿ ನಗುಮುಖದ ದಢೂತಿ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಹುಟ್ಟಿದವನ ಹಾಗಿದ್ದ.

"ಆ ಕನ್ನಡಕದವರ ಮೇಲೆ ನಂಗೆ ನಂಬಿಕೆ ಇಲ್ಲ," ಎಂದಳು.

"ಯಾರ ಮೇಲಿದೆ ನಿಂಗೆ ನಂಬಿಕೆ?"

"ತಿರುಗಣಿ ಎಲ್ಲೋಯ್ತು? ಸಿಮೆಂಟ್ ಹೆಂಗೆ ನೆನೀತು? ಯಾರೋ ಬೇಕು ಅಂತ್ಲೇ ಮಾಡ್ತಿದಾರೆ."

"ಹೊಸಬರು ಕಟ್ಟಿದ್ರೆ ಹಂಗೇ ಚೀಟಿಯಕ್ಕ. ನನ್ನ ಕೈಲಿ ಇಪ್ಪತ್ತು ಮನೆ ಎದ್ದಿವೆ, ಒಂದೂ ನೆಟ್ಟಗೆ ಎದ್ದಿಲ್ಲ." ಅವನು ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡ. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಳಂತೆ. ಹಂಗಾಯ್ತು ನಿನ್ನ ಕಥೆ."

"ಮೊಳ ಹಾಕ್ದೆ ಉಟ್ಕೊಂಡ್ರೆ ಮಾನ ಹೋಗೋದು ಉಟ್ಕೊಂಡವಳದ್ದು, ಕೊಟ್ಟವರದ್ದಲ್ಲ," ಎಂದು ಚೀಟಿಯಕ್ಕ ಬಂದುಬಿಟ್ಟಳು.

ಇವರೆಲ್ಲರ ನಡುವೆ ಅವಳು ಅನುಮಾನಪಡದೆ ಉಳಿಸಿಕೊಂಡದ್ದು ಅಜ್ಜಿಯೊಬ್ಬಳನ್ನು. ಅಜ್ಜಿ ಅವಳನ್ನು ಮಗಳೇ ಎಂದು ಕರೆಯುತ್ತಿದ್ದಳು. ಟೀ ಕೊಡುವಾಗ ಅವಳ ಲೋಟಕ್ಕೆ ಒಂದು ಗುಟುಕು ಹೆಚ್ಚಿಗೆ ಹಾಕುತ್ತಿದ್ದಳು. ಮಗುವಿನ ಕೆಮ್ಮು ಹೇಗಿದೆ ಎಂದು ಪ್ರತಿ ವಾರ ತಪ್ಪದೆ ಕೇಳುತ್ತಿದ್ದವಳೂ ಅವಳೇ. ಬಸ್ ನಿಲ್ದಾಣದ ಸತ್ಯವನ್ನೆಲ್ಲ ಅರೆದು ಕುಡಿದವಳು ಒಂದು ಗುಟುಕು ಟೀಗೆ ಮೋಸಹೋಗಿದ್ದಳು.

ಮನೆ ಕೆಲಸಕ್ಕೆಂದು ಭಾನುವಾರದ ಪಾಳಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು; ಅವಳ ವಾರದ ರಜೆ ಬುಧವಾರ. ಅವತ್ತು ಮಗಳನ್ನು ನೋಡಲು ನಾದಿನಿಯ ಮನೆಗೆ ಹೋಗುವುದು ರೂಢಿ. ಮೊದಲೆಲ್ಲ ಮಗಳು ಗೇಟಿನ ಮೇಲೆ ಹತ್ತಿ ಕಾಯುತ್ತಿದ್ದಳು. ಹೊರಡುವಾಗ ಕಾಲು ಹಿಡಿದುಕೊಂಡು ರಂಪ ಮಾಡುತ್ತಿದ್ದಳು. ಅಳುವ ಮಗುವನ್ನು ಬಿಟ್ಟು ಬರುವುದಕ್ಕಿಂತ ದೊಡ್ಡ ನೋವಿಲ್ಲ ಎಂದು ಆಗ ಚೀಟಿಯಕ್ಕನಿಗೆ ಅನಿಸುತ್ತಿತ್ತು. ಅದೂ ಸುಳ್ಳಾಯಿತು. ಈಗ ಮಗಳು ಬಣ್ಣದ ಪೆನ್ಸಿಲ್ ಹಿಡಿದುಕೊಂಡೇ ತಲೆಯೆತ್ತಿ, "ಬಂದ್ಯಾ?" ಎಂದು ಮತ್ತೆ ಬಗ್ಗುತ್ತಿದ್ದಳು. ಕೆಮ್ಮು ನಿಂತಿತ್ತು, ಕೆನ್ನೆ ತುಂಬಿತ್ತು. ಒಮ್ಮೆ ಚೀಟಿಯಕ್ಕ ಚಪ್ಪಲಿಯನ್ನು ಹೊಸ್ತಿಲ ಮುಂದೆ ಬಿಟ್ಟಾಗ ಮಗಳು ಮೆಲ್ಲಗೆ ತೆಗೆದು ಮೂಲೆಗಿಟ್ಟು, "ನಮ್ಮನೇಲಿ ಇಲ್ಲಿಡ್ತೀವಿ," ಎಂದಳು. ನಾದಿನಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾ ಕೇಳಿಸಿಕೊಳ್ಳದವಳ ಹಾಗೆ ಇದ್ದುಬಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಚೀಟಿಯಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಇನ್ನೂ ನಾಲ್ಕಾರು ಭಾನುವಾರ ಹೀಗೇ ಹೋದರೆ ಮನೆ ಸಿಕ್ಕೀತು, ಅದರೊಳಗೆ ಇರುವುದಕ್ಕೆ ಮಗಳು ಸಿಕ್ಕುವುದಿಲ್ಲ. ಆ ಕೆಡುಕ ಯಾರೇ ಆಗಿರಲಿ, ಕದಿಯುತ್ತಿದ್ದದ್ದು ತಿರುಗಣಿಯನ್ನಲ್ಲ, ತನ್ನ ಮಗುವನ್ನು. ಹಿಡಿದು ನಾಲ್ಕು ಜನರ ಮುಂದೆ ನಿಲ್ಲಿಸದಿದ್ದರೆ ತಾನು ತಾಯಿಯೇ ಅಲ್ಲ ಎಂದು ಹಲ್ಲು ಕಚ್ಚಿದಳು.

ಅಂತೂ ಇಂತೂ ಸೂರು ಬಂದಿತ್ತು; ಆ ಭಾನುವಾರ ಬಚ್ಚಲಿನ ಒಳಗೋಡೆಗೆ ಸಿಮೆಂಟಿನ ಗಿಲಾವು ಮಾಡಿ ಮುಗಿಸಿದರು. ಕನ್ನಡಕದವನಿಗೆ ಧೂಳಿಗೆ ಕೆಮ್ಮು ಹತ್ತಿದಾಗ ಟೀಚರು ತನ್ನ ನೀರಿನ ಬಾಟಲಿಯನ್ನು ಮಾತಿಲ್ಲದೆ ಮುಂದೆ ಹಿಡಿದಳು. ಅವನು ಒಂದು ಕ್ಷಣ ಬಾಟಲಿಯನ್ನೇ ನೋಡಿ ಆಮೇಲೆ ಕುಡಿದ. ಅದರಲ್ಲೂ ಏನೋ ಸಂಕೇತವಿದೆ ಎಂದು ಚೀಟಿಯಕ್ಕ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಮರುದಿನ ಕೆಲಸಕ್ಕೆ ಬದಲಿ ಮಾಡಿಕೊಂಡು, ಬೆಳಿಗ್ಗೆಯೇ ಬಂದು ಅಡುಗೆಮನೆಯಾಗಬೇಕಿದ್ದ ಕೋಣೆಯಲ್ಲಿ ಹಲಗೆಗಳ ಹಿಂದೆ ಅವಿತು ಕೂತಳು. ತನ್ನ ಮನೆಯಲ್ಲೇ ತಾನು ಕಳ್ಳಿಯ ಹಾಗೆ.

ಬಿಸಿಲು ಏರಿದ ಮೇಲೆ ಹೆಜ್ಜೆ ಸದ್ದಾಯಿತು. ಕಾರಿನ ಸದ್ದು ಇರಲಿಲ್ಲ. ನಿಧಾನದ, ಒಂದು ಕಾಲು ಸ್ವಲ್ಪ ಎಳೆಯುವ ಹೆಜ್ಜೆ ಬಚ್ಚಲಿಗೆ ಹೋಯಿತು. ಆಮೇಲೆ ಗೋಡೆ ಕೆರೆಯುವ ಸದ್ದು. ಚೀಟಿಯಕ್ಕ ಒಂದು ಇಟ್ಟಿಗೆ ಚೂರನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಅಜ್ಜಿ, ಬೆನ್ನು ಇನ್ನಷ್ಟು ಬಗ್ಗಿಸಿ, ಹಸಿ ಗಿಲಾವನ್ನು ಊಟದ ಚಮಚದಲ್ಲಿ ಪಟ್ಟೆಪಟ್ಟೆಯಾಗಿ ಎಬ್ಬಿಸುತ್ತಿದ್ದಳು. ಪಕ್ಕದಲ್ಲಿ ಒಂದು ಕೊಡ ನೀರೂ ಇತ್ತು.

"ನೀವಾ?" ಎಂದಳು ಚೀಟಿಯಕ್ಕ.

ಅಜ್ಜಿ ಬೆಚ್ಚಲಿಲ್ಲ. ತಿರುಗಿ ನೋಡಿ, ಚಮಚವನ್ನು ಬಟ್ಟೆಗೆ ಒರೆಸಿಕೊಂಡಳು. "ನೀನು ಬರ್ತೀಯ ಅಂತ ಗೊತ್ತಿತ್ತು. ನೀನೊಬ್ಳೇ ಇಲ್ಲಿ ಕಣ್ಣು ಬಿಟ್ಕೊಂಡಿರೋಳು."

"ಟೀ ಕೊಟ್ಟು ಕೊಟ್ಟು ನನ್ನ ಮನೆ ಕೆಡಿಸಿದ್ರಾ? ನಾನೇನು ಮಾಡಿದ್ದೆ ನಿಮಗೆ?"

"ನೀನೇನೂ ಮಾಡ್ಲಿಲ್ಲ. ನಿನ್ನ ಮನೆ ಮುಗಿದ್ರೆ ನನ್ನ ಮನೆ ಮುಗಿಯುತ್ತೆ."

ಕೊಡವನ್ನು ಪಕ್ಕಕ್ಕೆ ಸರಿಸಿ ಅಜ್ಜಿ ಅಲ್ಲೇ ಕೂತು ಹೇಳಿದಳು. ಮಗ ಸೊಸೆ ಬೇರೆಯಾಗುವುದೆಂದು ತೀರ್ಮಾನವಾಗಿ ಹೋಗಿದೆ. ಮಗ ಮನೆ ಬಿಟ್ಟು ಅಂಗಡಿಯ ಅಟ್ಟದಲ್ಲಿ ಮಲಗುತ್ತಾನೆ, ಒಮ್ಮೊಮ್ಮೆ ಕಾರಿನಲ್ಲಿ. ಆದರೆ ಚೆನ್ನಾಗಿದ್ದ ಕಾಲದಲ್ಲಿ ಇಬ್ಬರೂ ಈ ಸಂಘಕ್ಕೆ ಹೆಸರು ಕೊಟ್ಟಿದ್ದರು. ಸರದಿ ಬಂದಾಗ ಸೊಸೆ, ಕೊಟ್ಟ ಮಾತು ಕೊಟ್ಟದ್ದೇ, ಆ ಮನೆ ಮುಗಿಯುವವರೆಗೆ ಭಾನುವಾರ ಒಂದು ದಿನ ಕುಟುಂಬ, ಮುಗಿದ ಮಾರನೇ ದಿನ ವಕೀಲರ ಹತ್ತಿರ ಎಂದಳು. ಮಗ ಹೂಂ ಎಂದ. ಇಬ್ಬರೂ ಮಾತಿಗೆ ತಪ್ಪುವವರಲ್ಲ, ಅದೇ ಅವರ ದೊಡ್ಡ ರೋಗ.

"ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂತಾರೆ. ಮದುವೆ ನಾನೇ ನಿಂತು ಮಾಡಿದ್ದು. ಈಗ ಮನೆ ಕಟ್ಟಿ ನೋಡ್ತಿದೀನಿ," ಎಂದಳು ಅಜ್ಜಿ. "ಮೊದಲನೇ ವಾರ ಇಬ್ರೂ ಮುಖ ನೋಡ್ಲಿಲ್ಲ. ಈಗ ಒಂದೇ ಡಬ್ಬಿಯಿಂದ ತಿಂತಾರೆ. ನಿನ್ನೆ ಅವನು ಕೆಮ್ಮಿದಾಗ ಅವಳು ನೀರು ಕೊಟ್ಳು. ನೋಡಿದ್ಯಾ?"

ನೋಡಿದ್ದಳು. ನೋಡಿ ಏನೆಂದುಕೊಂಡಿದ್ದಳು ಎನ್ನುವುದನ್ನು ಅಜ್ಜಿಗೆ ಹೇಳಲು ನಾಚಿಕೆಯಾಯಿತು.

"ಇನ್ನೊಂದೆರಡು ಭಾನುವಾರ ಬಿಟ್ಟುಕೊಡು ಮಗಳೇ. ಎರಡೇ ಎರಡು. ಮೊಮ್ಮಗಳು ವಾರಕ್ಕೊಂದು ಮನೆ ಬದಲಾಯಿಸ್ಕೊಂಡು ಓಡಾಡೋದನ್ನ ನಾನು ನೋಡಲಾರೆ."

"ನನ್ನ ಮಗಳು ಈಗಾಗ್ಲೇ ಇನ್ನೊಬ್ರ ಮನೇಲಿದಾಳೆ," ಎಂದಳು ಚೀಟಿಯಕ್ಕ. "ಪ್ರತಿ ವಾರ ಕೆಮ್ಮು ಹೆಂಗಿದೆ ಅಂತ ಕೇಳ್ತಿದ್ರಲ್ಲ. ಕೇಳಿ ಹೋಗಿ ಸಿಮೆಂಟಿಗೆ ನೀರು ಹಾಕ್ತಿದ್ರಾ?"

ಆ ಮಾತಿಗೆ ಅಜ್ಜಿಯ ಮುಖ ಸಣ್ಣದಾಯಿತು. ಚಮಚವನ್ನು ಸೆರಗಿನಲ್ಲಿ ಸುತ್ತುತ್ತಾ, "ನಿನ್ನ ಮಗು ಬರುತ್ತೆ," ಎಂದಳು. "ಮಕ್ಕಳು ತಾಯಿ ಹತ್ರ ಬಂದೇ ಬರ್ತವೆ. ದೊಡ್ಡೋರು ಒಂದ್ಸಲ ಹೋದ್ರೆ ಹೋದ್ರು. ನಿಂಗೆ ಗೊತ್ತಿಲ್ವಾ."

ಬಸ್ಸು ಹತ್ತಿ ಹೋದವನ ನೆನಪು ಮಾಡಿಕೊಟ್ಟ ಮುದುಕಿಯ ಮೇಲೆ ಚೀಟಿಯಕ್ಕನಿಗೆ ಕೊಲ್ಲುವಷ್ಟು ಸಿಟ್ಟು ಬಂತು. ಆದರೆ ಮೇಸ್ತ್ರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅವಳನ್ನೇ ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಇಟ್ಟಿಗೆ ಚೂರನ್ನು ಎಸೆದು ನಿಲ್ದಾಣಕ್ಕೆ ಹೊರಟುಹೋದಳು.

ಮುಂದಿನ ಭಾನುವಾರ ಹಾಳಾದ ಗಿಲಾವನ್ನು ನೋಡಿ ಮೇಸ್ತ್ರಿ, ಮರಳು ಸರಿಯಿಲ್ಲ ಎಂದು ಮರಳಿಗೆ ಬೈದು ಮತ್ತೆ ಮಾಡಿಸಿದ. ಚೀಟಿಯಕ್ಕ ತುಟಿ ಬಿಚ್ಚಲಿಲ್ಲ. ಹೀಗೆ ಅವಳು ಮುದುಕಿಗೆ ಒಂದು ಭಾನುವಾರ ಕೊಟ್ಟಳು. ಕೊಟ್ಟ ಮೇಲೆ ಅದು ಏನಾಗುತ್ತದೆ ಎಂದು ನೋಡುವುದನ್ನು ಬಿಡಲೂ ಆಗಲಿಲ್ಲ. ದಿನವಿಡೀ ಆ ಗಂಡ ಹೆಂಡತಿಯನ್ನೇ ಗಮನಿಸುತ್ತಿದ್ದಳು. ಬಚ್ಚಲಿನ ಬಾಗಿಲು ಕೂರಿಸುವಾಗ ಅವರ ಮಗಳು ಹೊರಗೆಲ್ಲೋ ಹೋಗಿದ್ದಳು. ಬಾಗಿಲ ಒಂದು ಬದಿ ಅವನು, ಇನ್ನೊಂದು ಬದಿ ಅವಳು.

"ಸ್ವಲ್ಪ ಮೇಲೆ," ಎಂದಳು ಟೀಚರು, ಬಾಗಿಲಿಗೆ ಹೇಳಿದ ಹಾಗೆ.

"ಇಷ್ಟು ಸಾಕಾ?"

"ಇನ್ನೂ ಸ್ವಲ್ಪ. ಹಾಂ. ಬೆರಳು ಜೋಪಾನ."

ನೀರಿನ ಕೊಡ ಹಿಡಿದು ನಿಂತಿದ್ದ ಅಜ್ಜಿ ಚೀಟಿಯಕ್ಕನ ಕಡೆ ನೋಡಿದಳು. ಆ ನೋಟದಲ್ಲಿ ಎಷ್ಟು ಸಂತೋಷವಿತ್ತೆಂದರೆ ಚೀಟಿಯಕ್ಕ ಮುಖ ತಿರುಗಿಸಿಕೊಂಡಳು. ಬೆರಳು ಜೋಪಾನ ಎಂದ ಮಾತ್ರಕ್ಕೆ ಸಂಸಾರ ನೆಟ್ಟಗಾಗುತ್ತದೆಯೇ ಎಂದು ತನಗೆ ತಾನೇ ಕೇಳಿಕೊಂಡಳು. ಜೊತೆಗೆ ಇನ್ನೊಂದು ಅನುಮಾನವೂ ಹುಟ್ಟಿತು: ತಾನು ಒಳ್ಳೆಯವಳೆನಿಸಿಕೊಳ್ಳಲು ಹೋಗಿ ಯಾರ ಗಂಟನ್ನು ಯಾರಿಗೆ ಕೊಡುತ್ತಿದ್ದೇನೆ? ಕೊಟ್ಟದ್ದು ತನ್ನದಾಗಿದ್ದರೆ ಬೇರೆ ಮಾತು. ಆ ಭಾನುವಾರ ಮಗಳದ್ದೂ ಆಗಿತ್ತು.

ಉತ್ತರ ಬುಧವಾರ ಸಿಕ್ಕಿತು. ನಾದಿನಿಯ ಮನೆಯಲ್ಲಿ ಮಗಳು ಆಡುತ್ತಾ ಜಾರಿ ಬಿದ್ದು ಮೊಣಕಾಲು ತರಚಿಕೊಂಡಳು. ಚೀಟಿಯಕ್ಕ ಎರಡು ಹೆಜ್ಜೆ ದೂರದಲ್ಲೇ ಇದ್ದಳು, ಕೈ ಚಾಚಿ ಓಡಿದಳು. ಮಗು ಅಳುತ್ತಾ, "ಅಮ್ಮಾ," ಎಂದು ಕೂಗಿಕೊಂಡು ಅವಳನ್ನು ದಾಟಿ ಹೋಗಿ ನಾದಿನಿಯ ಸೊಂಟ ತಬ್ಬಿಕೊಂಡಿತು. ನಾದಿನಿ ಅಪರಾಧಿಯ ಹಾಗೆ ನಿಂತು, "ಅತ್ತೆ ಕಣೇ ನಾನು, ಅಮ್ಮ ಅಲ್ಲಿದಾಳೆ ನೋಡು," ಎಂದಳು. ಹೇಳುತ್ತಾ ಅವಳ ಕೈ ಮಾತ್ರ ಮಗುವಿನ ತಲೆ ನೇವರಿಸುತ್ತಲೇ ಇತ್ತು. ಚೀಟಿಯಕ್ಕನ ಚಾಚಿದ ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಿದ್ದಿದ್ದ ಆಟಿಕೆಯನ್ನು ಎತ್ತಿ ಬೆಂಚಿನ ಮೇಲಿಟ್ಟಳು.

"ಈ ಭಾನುವಾರ ಸಂಜೆ ಕರ್ಕೊಂಡು ಬಾ," ಎಂದಳು ಹೊರಡುವಾಗ. "ಮನೆ ಆಗುತ್ತೆ."

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬಣ್ಣದ ಕೊನೆಯ ಕೈಯೂ ಮುಗಿಯಿತು. ಆ ವಾರ ಏನೂ ಕೆಟ್ಟಿರಲಿಲ್ಲ. ಅಜ್ಜಿ ತನ್ನ ಪಾಲಿನ ಬೇಡಿಕೆಯನ್ನು ಇಟ್ಟು, ಮುಂದಿನದನ್ನು ಚೀಟಿಯಕ್ಕನ ಬಾಯಿಗೆ ಬಿಟ್ಟಿದ್ದಳು. ಮೇಸ್ತ್ರಿ ಕೈ ತೊಳೆದು, ಪೆನ್ಸಿಲ್ ಜೇಬಿಗಿಟ್ಟು ಮನೆಯ ನಡುವೆ ಬಂದು ನಿಂತ. ಎಲ್ಲರೂ ಗೋಡೆಗೆ ತಾಗದ ಹಾಗೆ ಸುತ್ತ ನಿಂತರು.

"ಏನಾದ್ರೂ ಬಾಕಿ ಇದೆಯಾ?"

ಚೀಟಿಯಕ್ಕ ಬಾಯಿ ತೆರೆಯುವ ಮೊದಲೇ ಕನ್ನಡಕದವನು ಗಂಟಲು ಸರಿ ಮಾಡಿಕೊಂಡ. "ಬಚ್ಚಲು ಬಾಗಿಲು," ಎಂದ. "ಕೆಳಗೆ ಸ್ವಲ್ಪ ತಾಗುತ್ತೆ ಅನ್ಸುತ್ತೆ. ಬಿಚ್ಚಿ ಮತ್ತೆ ಕೂರಿಸ್ಬೇಕೇನೋ. ಇವತ್ತಿಗೆ ಆಗಲ್ಲ."

ಮೇಸ್ತ್ರಿ ಹೋಗಿ ಬಾಗಿಲನ್ನು ಹಾಕಿ ತೆಗೆದ. ತಾಗುತ್ತಿತ್ತೋ ಇಲ್ಲವೋ, ತಾಗುತ್ತದೆ ಎಂದರೆ ತಾಗುತ್ತದೆ ಎನ್ನುವ ಹಾಗಿತ್ತು.

"ಹೌದು," ಎಂದಳು ಟೀಚರು ನೆಲ ನೋಡುತ್ತಾ. "ನಂಗೂ ಹಾಗೇ ಅನ್ಸಿತ್ತು."

ಒಂದೂ ಸಾಲು ಸೊಟ್ಟಗಿಡದ ಹೆಂಗಸು, ಇಟ್ಟಿಗೆ ಕೂದಲೆಳೆಯಷ್ಟು ಸರಿದರೂ ಬಿಚ್ಚಿಸುವ ಹೆಂಗಸು, ಬಾಗಿಲು ಕೂರಿಸಿದ ದಿನ ಬಿಟ್ಟು ಇವತ್ತು ಹೇಳುತ್ತಿದ್ದಳು. ಚೀಟಿಯಕ್ಕನಿಗೆ ಎಲ್ಲ ಅರ್ಥವಾಯಿತು. ಇಲ್ಲಿಯವರೆಗೆ ಮುದುಕಿ ಒಬ್ಬಳೇ ಭಾನುವಾರ ಕದಿಯುತ್ತಿದ್ದಳು. ಈಗ ಮೂವರೂ ಕೈ ಚಾಚಿ ನಿಂತಿದ್ದರು. ಹುಡುಗಿ ಇವಳ ಬಾಯನ್ನೇ ನೋಡುತ್ತಿದ್ದಳು. ತಾಗುತ್ತೆ ಎಂದರೆ ಸಾಕಿತ್ತು. ಒಂದು ಮಾತು, ಒಂದು ವಾರ.

ಅವಳ ಕಣ್ಣ ಮುಂದೆ ಮಗಳು ತನ್ನನ್ನು ದಾಟಿ ಓಡಿದ್ದು ಬಂತು.

"ಅದನ್ನ ನಾನೇ ಉಜ್ಕೋತೀನಿ," ಎಂದಳು ಚೀಟಿಯಕ್ಕ. "ಬಾಕಿ ಏನೂ ಇಲ್ಲ."

ಮೇಸ್ತ್ರಿ ಬೀಗದ ಕೈ ಕೊಟ್ಟ. ಅವನಿಗೆ ಏನೂ ತಿಳಿಯದು, ನಗುತ್ತಲೇ ಕೊಟ್ಟ. ಕನ್ನಡಕದವನು ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದ. ಅಷ್ಟು ನಿಧಾನವಾಗಿ ಅವನು ಯಾವತ್ತೂ ಕೆಲಸ ಮಾಡಿರಲಿಲ್ಲ. ಹೊರಗೆ ಟೀಚರು ಮಗಳ ಜೊತೆ ಬಸ್ಸಿನ ಕಡೆ ನಡೆದಳು, ಅವನು ಕಾರಿನ ಕಡೆ. ನಡುವೆ ರಸ್ತೆಯಲ್ಲಿ ಅಜ್ಜಿ ಒಬ್ಬಳೇ, ಯಾವ ಕಡೆ ಹೋಗಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ನಿಂತಿದ್ದಳು. ತಿರುಗಿ ಚೀಟಿಯಕ್ಕನನ್ನು ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಚೀಟಿಯಕ್ಕನಿಗೆ ಅನಿಸಿತು. ಕೊನೆಗೆ ಮಗನೇ ಬಂದು ಕೈ ಹಿಡಿದು ಕರೆದುಕೊಂಡು ಹೋದ.

ಸಂಜೆ ನಾದಿನಿ ಮಾತು ಉಳಿಸಿಕೊಂಡಳು. ಮಗಳನ್ನೂ ಬ್ಯಾಗನ್ನೂ ಬಣ್ಣದ ಪೆನ್ಸಿಲ್ ಡಬ್ಬಿಯನ್ನೂ ಒಳಗೆ ಬಿಟ್ಟು, ಕಣ್ಣು ಒರೆಸಿಕೊಳ್ಳುವುದನ್ನು ಯಾರೂ ನೋಡದಿರಲಿ ಎಂದು ಕೂರದೆಯೇ ಹೊರಟುಬಿಟ್ಟಳು. ಚೀಟಿಯಕ್ಕ ಬಾಗಿಲು ಹಾಕಿಕೊಂಡು ನಿಂತಳು. ಅವಳದೇ ಬಾಗಿಲು. ಬಸ್ಸಿನ ಸದ್ದಿಲ್ಲ, ಹೊಗೆಯಿಲ್ಲ. ಹೊಸ ಬಣ್ಣದ ವಾಸನೆ ಮಾತ್ರ ಇತ್ತು. ಇದಕ್ಕಾಗಿ ಅವಳು ಎಷ್ಟು ಜನರನ್ನು ಅನುಮಾನಿಸಿದ್ದಳು, ಕೊನೆಗೆ ಎಷ್ಟು ಜನರ ಆಸೆಯ ಮೇಲೆ ಕಾಲಿಟ್ಟು ಬಂದಿದ್ದಳು.

ಮಗಳು ಎರಡೂ ಕೋಣೆ ಸುತ್ತಿ ಬಂದಳು. ಕಿಟಕಿ ತೆಗೆದು ನೋಡಿದಳು, ಬಚ್ಚಲು ಇಣುಕಿದಳು. "ಚೆನ್ನಾಗಿದೆ," ಎಂದಳು, ದೊಡ್ಡವರು ನೆಂಟರ ಮನೆಗೆ ಹೋದಾಗ ಹೇಳುವ ಹಾಗೆ. ಆಮೇಲೆ ಬ್ಯಾಗು ಬಿಚ್ಚದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿ ಕೂತಳು.

"ನಾವು ಮನೆಗೆ ಯಾವಾಗ ಹೋಗೋದು?" ಎಂದು ಕೇಳಿದಳು.

ಇದೇ ಮನೆ ಎನ್ನಲು ಚೀಟಿಯಕ್ಕನಿಗೆ ಬಾಯಿ ಬರಲಿಲ್ಲ. ಮುದುಕಿ ಕೇಳಿದ್ದು ಎರಡೇ ಭಾನುವಾರ. ಮಗಳನ್ನು ಮತ್ತೆ ತನ್ನವಳಾಗಿಸಿಕೊಳ್ಳಲು ತನಗೆ ಎಷ್ಟು ಬೇಕಾಗುತ್ತದೆಯೋ, ಅದನ್ನು ಯಾರನ್ನು ಕೇಳುವುದೋ ಗೊತ್ತಿರಲಿಲ್ಲ.

"ಮೊದ್ಲು ಊಟ ಮಾಡು," ಎಂದಳು. "ಆಮೇಲೆ ಹೇಳ್ತೀನಿ."